ಅಠಾರ ಕಚೇರಿಗೆ ಆ ಹೆಸರು ಯಾಕೆ?

ಮಾನ್ಯರೇ,

ಮೊನ್ನೆ ಬಸ್ಸಿನಲ್ಲಿ ವಿಧಾನಸೌಧ ದಾಟುವಾಗ ಮಗಳು ಎದುರಿನ ಕೆಂಪು ಕಟ್ಟಡ ತೋರಿಸಿ ‘ಅದೇನಪ್ಪಾ?’ ಅಂದಳು. ಹೈಕೋರ್ಟ್ ಅಂತ ಹೇಳಿ ಸುಮ್ಮನಾಗಬಹುದಿತ್ತು. ಆದರೆ ಅದು ಕೋರ್ಟಿಗಾಗಿ ಕಟ್ಟಿದ್ದಲ್ಲ, ಅಲ್ವಾ? ಮೊದಲು ಸರ್ಕಾರಿ ಕಚೇರಿಗಳು ಕೋಟೆ ಹತ್ತಿರದ ಟಿಪ್ಪು ಅರಮನೆಯಲ್ಲಿದ್ದವು. 1868ರಲ್ಲಿ ಇಲ್ಲಿಗೆ ಬಂದವು. ಒಟ್ಟು 18 ಇಲಾಖೆ. ಹದಿನೆಂಟಕ್ಕೆ ಉರ್ದುವಿನಲ್ಲಿ ‘ಅಠಾರಾ’. ನಮ್ಮ ಬಾಯಲ್ಲಿ ‘ಅಠಾರ ಕಚೇರಿ’ ಆಯಿತು. 1956ರಲ್ಲಿ ವಿಧಾನಸೌಧ ಎದ್ದ ಮೇಲೆ ಇಲಾಖೆಗಳು ರಸ್ತೆ ದಾಟಿದವು, ಹೆಸರು ಮಾತ್ರ ಇಲ್ಲೇ ಉಳಿಯಿತು. 1980ರ ದಶಕದಲ್ಲಿ ಕೆಡವುವ ಮಾತೂ ಬಂದಿತ್ತು. ಪುಣ್ಯಕ್ಕೆ ಕೆಡವಲಿಲ್ಲ. ಬಸ್ ಸ್ಟಾಪಿನಲ್ಲಿ ಇಷ್ಟನ್ನು ಹೇಳುವ ಒಂದು ಕನ್ನಡ ಫಲಕ ಹಾಕಿದರೆ ಖರ್ಚೇನೂ ಜಾಸ್ತಿ ಆಗದು.

– ಒಬ್ಬ ಓದುಗ, ಬೆಂಗಳೂರು