ನಾಯಿ ಸಾಕಲಾ ಅಂತ ಕೇಳಿದ್ದೆಯಲ್ಲ, ದೋಸ್ತಾ

ದೋಸ್ತಾ,

ನಿನ್ನ ವಾಯ್ಸ್ ಮೆಸೇಜ್ ಕೇಳಿದೆ. ಮಗ ಹಟ ಹಿಡಿದಿದ್ದಾನೆ, ಮುಧೋಳ ನಾಯಿಯ ಮರಿ ತರಲಾ ಅಂತ ಕೇಳಿದ್ದೀಯ. ಒಂದೇ ಸಾಲಿನಲ್ಲಿ ಉತ್ತರ ಕೊಡಬಹುದಿತ್ತು. ಆದರೆ ವಾಟ್ಸಾಪ್‌ನಲ್ಲಿ ಬರೆದರೆ ನೀನು ಓದುವುದಿಲ್ಲ, ಒಂದು ಹೆಬ್ಬೆರಳು ಒತ್ತಿ ಕೈ ತೊಳೆದುಕೊಳ್ಳುತ್ತೀಯ. ನಾಲ್ಕು ಮಂದಿ ನೋಡುವಲ್ಲಿ ಬರೆದರೆ ಮರ್ಯಾದೆಗೆ ಅಂಜಿಯಾದರೂ ಪೂರ್ತಿ ಓದುತ್ತೀಯ ಅಂತ ಇಲ್ಲಿ ಬರೆಯುತ್ತಿದ್ದೇನೆ. ಉಳಿದವರು ಕ್ಷಮಿಸಿ. ಕುಂದಗೋಳದ ಮದುವೆಯ ವಿಷಯ ಎತ್ತುವುದಿಲ್ಲ, ಹೆದರಬೇಡ.

ಮೊದಲು ಮುಧೋಳದ ಮಾತು ಮುಗಿಸಿಬಿಡುತ್ತೇನೆ. ನಮ್ಮ ಕಡೆಯ ನಾಯಿ ಅಂತ ಅಭಿಮಾನ ನನಗೂ ಇದೆ. ಮುಧೋಳದ ಘೋರ್ಪಡೆ ರಾಜರು ಬೆಳೆಸಿದ ತಳಿ, 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂತು, 2016ರಲ್ಲಿ ಸೇನೆಯವರು ತರಬೇತಿಗೆ ಅಂತ ಮೀರತ್‌ಗೆ ಒಯ್ದರು. ಎಲ್ಲ ಸರಿ. ಆದರೆ ಅದು ಎರೆ ಹೊಲದ ಬಯಲಿನಲ್ಲಿ ಮೊಲದ ಹಿಂದೆ ಓಡಲು ಹುಟ್ಟಿದ ನಾಯಿ. ಓಡುವಂಥದ್ದು ಏನಾದರೂ ಕಣ್ಣಿಗೆ ಬಿತ್ತೋ, ಮುಗೀತು, ನೀನು ಎಷ್ಟು ಕೂಗಿದರೂ ಅದಕ್ಕೆ ಕೇಳುವುದಿಲ್ಲ. ಬೆಂಗಳೂರಿನ ಏಳನೇ ಮಹಡಿಯಲ್ಲಿ ಅದನ್ನು ಇಟ್ಟುಕೊಂಡು ಏನು ಮಾಡುತ್ತೀ? ಲಿಫ್ಟಿನಲ್ಲಿ ಓಡಿಸುತ್ತೀಯಾ?

ನಮ್ಮ ಮನೆಯದು ಅಂಥ ದೊಡ್ಡ ವಂಶದ್ದೇನಲ್ಲ. ಹುಬ್ಬಳ್ಳಿಯ ಉಣಕಲ್ಲಿನ ನಮ್ಮ ಓಣಿಯಲ್ಲೇ ಹುಟ್ಟಿದ ಕಂದು ಬಣ್ಣದ ಬೀದಿ ನಾಯಿ. ಎಡಗಿವಿಯ ತುದಿಯಲ್ಲಿ ಸಣ್ಣ ಕಚ್ಚು ಇದೆ, ಮರಿ ಆಗದಂತೆ ಆಪರೇಷನ್ ಆಗಿದೆ ಅನ್ನುವುದರ ಗುರುತು. ಯಾರೇ ಗೇಟು ದಾಟಲಿ, ಎದ್ದು ಬಂದು ಮೂಸಿ, ಒಂದು ಸುತ್ತು ಹಾಕಿ, ಆಮೇಲೇ ಒಳಗೆ ಬಿಡುತ್ತದೆ. ರೈಲ್ವೆ ವರ್ಕ್‌ಶಾಪಿನಲ್ಲಿ ದುಡಿದು ರಿಟೈರ್ ಆದ ಅಪ್ಪ ಅದಕ್ಕೆ ಟೀಸಿ ಅಂತ ಹೆಸರಿಟ್ಟರು. ಕೇಬಲ್ ದುಡ್ಡು ಕೇಳಲು ಬರುವ ಹುಡುಗನ ಟಿಕೆಟ್ ಇವತ್ತಿನವರೆಗೂ ಪಾಸಾಗಿಲ್ಲ.

ಅಪ್ಪ ನಾಯಿಗೆ ಹೆಸರಿಟ್ಟರು ಅಂದರೆ ನೀನು ನಂಬಲಿಕ್ಕಿಲ್ಲ. ಆ ಸೈಕಲ್ ಪಂಪಿನ ರುಚಿ ನಿನ್ನ ಬೆನ್ನಿಗೂ ಗೊತ್ತು. ಆದರೆ ನಮ್ಮ ಮನೆದೇವರು ದೇವರಗುಡ್ಡದ ಮಾಲತೇಶ, ಅದು ನೆನಪಿರಲಿ. ಅಲ್ಲಿ ಕಂಬಳಿಯ ನಿಲುವಂಗಿ ತೊಟ್ಟ ಭಕ್ತರು, ಅಂದರೆ ಗೊರವಪ್ಪಗಳು, ದೇವರ ನಾಯಿಗಳು. ದೋಣಿ ಅನ್ನುವ ಪಾತ್ರೆಯಲ್ಲಿ ಹಾಲು, ತುಪ್ಪ, ಬಾಳೆಹಣ್ಣು ಸುರಿದರೆ ಬೊಗಳುತ್ತ, ಒಬ್ಬರ ಮೇಲೊಬ್ಬರು ಬಿದ್ದು ಬಾಯಿ ಹಾಕುತ್ತಾರೆ. ನಾಯಿಗೆ ಒದ್ದರೆ ಮಾಲತೇಶ ನೋಡ್ತಾನ ಅಂತ ನಮ್ಮಜ್ಜಿ ಹೆದರಿಸುತ್ತಿದ್ದಳು. ಅಪ್ಪ ಭಕ್ತಿ ತೋರಿಸಿಕೊಳ್ಳುವ ಪೈಕಿಯಲ್ಲ. ಆದರೆ ಜಿಟಿಜಿಟಿ ಮಳೆಯಲ್ಲಿ ಈ ಕುನ್ನಿ ಪೋರ್ಚಿಗೆ ಬಂದು ನಡುಗುತ್ತ ಕೂತಾಗ ತಾಟಿನಲ್ಲಿ ಹಾಲು ಹಾಕಿ, ಅದಕ್ಕೆ ಬಾಳೆಹಣ್ಣು ಕಿವುಚಿ ಇಟ್ಟರು. ನಾಯಿಗೆ ಬಾಳೆಹಣ್ಣು ಯಾಕೆ ಅಂತ ನನ್ನ ಹೆಂಡತಿ ಕೇಳಿದಳು. ಅಪ್ಪ ಏನೂ ಹೇಳಲಿಲ್ಲ. ನನಗೆ ಗೊತ್ತಾಯಿತು.

ಅಡುಗೆ ಮನೆಯ ಪಾಡು ಬೇರೆ. ನಮ್ಮಲ್ಲಿ ಉಳ್ಳಾಗಡ್ಡಿ ಬೀಳದ ಪಲ್ಯ ಯಾವುದಿದೆ ಹೇಳು? ಉಳ್ಳಾಗಡ್ಡಿ, ಬೆಳ್ಳುಳ್ಳಿ ಎರಡೂ ನಾಯಿಗೆ ಆಗುವುದಿಲ್ಲ, ರಕ್ತದ ಕೆಂಪು ಕಣಗಳು ಒಡೆಯುತ್ತವೆ ಅಂತ ದನದ ದವಾಖಾನೆಯ ಡಾಕ್ಟರ್ ಬೈದು ಕಳಿಸಿದರು. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ಕೂಡ ಬೇಡ. ನಿನ್ನ ಮಗನಿಗೆ ಇದನ್ನು ಈಗಲೇ ಬಾಯಿಪಾಠ ಮಾಡಿಸು. ಟೀಸಿಯ ಊಟ ಈಗ ಅನ್ನ, ಮೊಸರು, ತತ್ತಿ, ಮುರಿದು ನೆನೆಸಿದ ಜೋಳದ ರೊಟ್ಟಿ. ಕಟಕ ರೊಟ್ಟಿಯಾದರೆ ನೆನೆಸುವುದೂ ಬೇಡ, ಅದು ಕಡಿಯುವ ಸದ್ದಿಗೆ ಪಕ್ಕದ ಮನೆಯವರು ಇಣುಕುತ್ತಾರೆ.

ಪಕ್ಕದ ಮನೆಯವರು ಅಂದೆನಲ್ಲ, ಅವರ ಪರಿಚಯವಾದದ್ದೇ ನಾಯಿಯಿಂದ. ಬೆಳಿಗ್ಗೆ ಅದರ ಜೊತೆ ನಡೆದರೆ ಕಂಬ ಕಂಬಕ್ಕೂ ನಿಲ್ಲಬೇಕು. ನಿಂತಲ್ಲಿ ಯಾರಾದರೂ ಮಾತಾಡಿಸಿಯೇ ಮಾತಾಡಿಸುತ್ತಾರೆ. ಹಾಲಿನವನ ಮಗಳಿಗೆ ಪಿಯುಸಿಯಲ್ಲಿ ಎಷ್ಟು ಮಾರ್ಕ್ಸ್ ಬಂತು, ಮೂಲೆಮನೆಯ ಅಜ್ಜನ ಮೊಣಕಾಲು ಆಪರೇಷನ್ ಯಾವಾಗ, ಎಲ್ಲ ನನಗೆ ಗೊತ್ತು. ಅವರಿಗೆ ಮಾತ್ರ ನನ್ನ ಹೆಸರು ಗೊತ್ತಿಲ್ಲ. 'ಟೀಸಿ ಮನಿಯವ್ರು' ಅನ್ನುತ್ತಾರೆ. ಬೆಂಗಳೂರಿನಲ್ಲಿ ಅಷ್ಟು ವರ್ಷ ಎದುರು ಬಾಗಿಲಿನವರ ಮುಖ ನೋಡದೆ ಬದುಕಿದವನು ನಾನು.

ಹಾಗಂತ ಬರೀ ಸಿಹಿ ಮಾತಾಡುವವನಲ್ಲ. 2025ರ ಆಗಸ್ಟ್ 11ರಂದು ದಿಲ್ಲಿಯ ಬೀದಿ ನಾಯಿಗಳನ್ನೆಲ್ಲ ಹಿಡಿದು ಶೆಲ್ಟರಿಗೆ ಹಾಕಿ ಅಂತ ಸುಪ್ರೀಂ ಕೋರ್ಟ್ ಹೇಳಿತಲ್ಲ, ನಮ್ಮ ಓಣಿಯ ಗ್ರೂಪಿನಲ್ಲಿ ಮಹಾಭಾರತವೇ ನಡೆಯಿತು. 22ಕ್ಕೆ ಕೋರ್ಟ್ ಆ ಆದೇಶ ಬದಲಿಸಿ, ಆಪರೇಷನ್ ಮಾಡಿ ಲಸಿಕೆ ಹಾಕಿದ ನಾಯಿಗಳನ್ನು ಹಿಡಿದ ಜಾಗಕ್ಕೇ ಬಿಡಬೇಕು, ರೇಬಿಸ್ ಇದ್ದವನ್ನೂ ಮೈಮೇಲೆ ಬೀಳುವವನ್ನೂ ಬಿಡಬಾರದು ಅಂದಿತು. ಆಮೇಲೂ ಜಗಳ ನಿಲ್ಲಲಿಲ್ಲ. ನಾನು ಯಾವ ಪಕ್ಷವೂ ಅಲ್ಲ. ಹಿಂದಿನ ಓಣಿಯಲ್ಲಿ ಬೇರೊಂದು ನಾಯಿ ಒಬ್ಬ ಹುಡುಗನ ಮೀನಖಂಡಕ್ಕೆ ಬಾಯಿ ಹಾಕಿತು. ಮನೆಯವರು ಗಾಯಕ್ಕೆ ಅರಿಷಿಣ, ಖಾರದಪುಡಿ ಮೆತ್ತಿ ಕೂರಿಸಿದ್ದರು. ನಾನೂ ಅಪ್ಪನೂ ಹೋಗಿ ಅದನ್ನೆಲ್ಲ ತೊಳೆಸಿದೆವು. ಹರಿಯುವ ನೀರು, ಸಾಬೂನು, 15 ನಿಮಿಷ. ಆಮೇಲೆ ದವಾಖಾನೆ, ಅದೇ ದಿನ ಮೊದಲ ಇಂಜೆಕ್ಷನ್. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವವರು ಇಲ್ಲವೇ ಇಲ್ಲ ಅನ್ನಬಹುದು. ನಾಯಿಗೆ ಹೆದರುವವರನ್ನು ನೋಡಿ ನಗುವವರ ಮೇಲೆ ನನಗೆ ಸಿಟ್ಟು ಬರುತ್ತದೆ. ಮನೆಗೆ ಮರಿ ಬಂದರೆ ಮೊದಲು ಲಸಿಕೆಯ ಕಾರ್ಡು, ಆಮೇಲೆ ಫೋಟೋ. ಆಯಿತಾ?

ಇಷ್ಟೇ ಬರೆದು ಮುಗಿಸಬೇಕು ಅಂತಿದ್ದೆ. ಆದರೆ ಈ ಪತ್ರ ಶುರು ಮಾಡಿದ್ದು ಬೇರೆ ಕಾರಣಕ್ಕೆ ಅಂತ ಈಗ ಅನಿಸುತ್ತಿದೆ.

ಹೋದ ವಾರ ಸಂಜೆ ಕರೆಂಟು ಹೋಗಿತ್ತು. ಅಪ್ಪ ಪೋರ್ಚಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದರು. ಟೀಸಿ ಅವರ ಪಾದದ ಮೇಲೆ ಗದ್ದ ಊರಿ ಮಲಗಿತ್ತು. ನಾನು ಒಳಗೆ ಟಾರ್ಚ್ ಹುಡುಕುತ್ತಿದ್ದೆ. ಹೊರಗಿನಿಂದ ಅಪ್ಪನ ದನಿ. 'ಕುಸುಗಲ್ಲ... ಹೆಬಸೂರ...' ಗದಗ ಲೈನಿನ ಸ್ಟೇಷನ್ನುಗಳು. ನಾವು ಸಣ್ಣವರಿದ್ದಾಗ ಒಂದೇ ಉಸಿರಿಗೆ ಹೇಳಿ ತೋರಿಸುತ್ತಿದ್ದರಲ್ಲ, ಅದೇ. ನಾನು ಕಿಟಕಿ ಹತ್ತಿರ ಬರುವಷ್ಟರಲ್ಲಿ ಅಣ್ಣಿಗೇರಿ ಮುಟ್ಟಿದ್ದರು. ಅಲ್ಲಿ ನಿಂತರು. 'ಅಣ್ಣಿಗೇರಿ... ಅಣ್ಣಿಗೇರಿ ಆದಮ್ಯಾಲೆ...' ಬೆರಳು ಮಡಚಿಕೊಂಡೇ ಇತ್ತು. ಮುಂದಿನ ಬೆರಳು ಏಳಲಿಲ್ಲ.

ಹುಲಕೋಟಿ ಅಂತ ನನ್ನ ತುಟಿಗೆ ಬಂದಿತ್ತು, ದೋಸ್ತಾ. ಹೇಳಲಿಲ್ಲ. ಹೇಳಿದರೆ ನಾನು ಕೇಳಿಸಿಕೊಂಡದ್ದು ಗೊತ್ತಾಗುತ್ತಿತ್ತು.

ಆಮೇಲೆ ಅಪ್ಪ ಬಗ್ಗಿ ನಾಯಿಗೆ ಹೇಳಿದರು: 'ಮೊನ್ನೆ ಗುಡಿ ಹಿಂದಿನ ಸಂದ್ಯಾಗೂ ಹಿಂಗ ಆತಲ್ಲಲೇ. ಯಾವ ಕಡೆ ಹೊಳ್ಳಬೇಕು ತಿಳೀಲೇ ಇಲ್ಲ. ನೀ ಮುಂದ ಹೋದಿ, ನಾ ಬೆನ್ನಿಗೆ ಬಂದೆ.' ಸ್ವಲ್ಪ ಹೊತ್ತು ಸುಮ್ಮನಿದ್ದರು. 'ಅವಂಗ ಹೇಳಬ್ಯಾಡ ಮತ್ತ. ಗಾಬರಿ ಆಗ್ತಾನ.'

ಗುಡಿ ಅಂದರೆ ಚಂದ್ರಮೌಳೇಶ್ವರ ಗುಡಿ. ನಾಲ್ಕು ದಿಕ್ಕಿಗೂ ಬಾಗಿಲಿರುವ ಗುಡಿ, ಸುತ್ತ ಹಳೇ ಉಣಕಲ್ಲಿನ ಸಂದಿಗಳು. ಅಪ್ಪ ಹುಟ್ಟಿ ಬೆಳೆದ ಜಾಗ. ಟೀಸಿ ದೊಡ್ಡ ಉಪಕಾರ ಮಾಡಿತು ಅಂತೇನೂ ಅಲ್ಲ, ಅದಕ್ಕೆ ಬಿಸ್ಕತ್ತಿನ ಹೊತ್ತಾಗಿತ್ತು, ಮನೆ ಕಡೆ ನಡೆಯಿತು ಅಷ್ಟೆ.

ಕಿಟಕಿ ಹಿಂದೆ ನಿಂತವನಿಗೆ ಮೊದಲು ಆದದ್ದು ಗಾಬರಿಯಲ್ಲ. ಹೊಟ್ಟೆಕಿಚ್ಚು. ನಲವತ್ತು ದಾಟಿದ ಗಂಡಸು, ಬೀದಿ ನಾಯಿಯ ಮೇಲೆ ಹೊಟ್ಟೆಕಿಚ್ಚು. ನನಗೆ ಹೇಳದ್ದನ್ನು ಅದಕ್ಕೆ ಯಾಕೆ ಹೇಳಿದರು? ರಾತ್ರಿಯೆಲ್ಲ ಯೋಚಿಸಿದೆ. ನನಗೆ ಹೇಳಿದ್ದರೆ ನಾನು ಆ ಕ್ಷಣಕ್ಕೇ ಫೋನು ತೆಗೆದು ಡಾಕ್ಟರ್ ಅಪಾಯಿಂಟ್‌ಮೆಂಟ್, ಸ್ಕ್ಯಾನು ಅಂತ ಶುರು ಮಾಡುತ್ತಿದ್ದೆ. ತಂಗಿಗೆ ಫೋನು ಮಾಡುತ್ತಿದ್ದೆ. ಅಪ್ಪನ ಸಂಜೆಯ ವಾಕಿಂಗ್ ಬಂದ್ ಮಾಡಿಸುತ್ತಿದ್ದೆ. ಟೀಸಿ ಅದ್ಯಾವುದನ್ನೂ ಮಾಡಲಿಲ್ಲ. ಪಾದದ ಮೇಲಿನ ಗದ್ದ ಕೂಡ ಎತ್ತಲಿಲ್ಲ. ನಾಯಿಯೂ ಯಜಮಾನನೂ ಒಬ್ಬರನ್ನೊಬ್ಬರು ದಿಟ್ಟಿಸಿದರೆ ಇಬ್ಬರ ಮೈಯಲ್ಲೂ ಆಕ್ಸಿಟೋಸಿನ್ ಅನ್ನುವ ಹಾರ್ಮೋನ್ ಹೆಚ್ಚುತ್ತದೆ ಅಂತ ಜಪಾನಿನ ವಿಜ್ಞಾನಿಗಳು 2015ರಲ್ಲಿ ಬರೆದಿದ್ದಾರೆ. ಹಿಂದೊಮ್ಮೆ ಅಪ್ಪನಿಗೆ ಅದನ್ನು ಓದಿ ಹೇಳಿದ್ದೆ. 'ಅದಕ್ಕ ಜಪಾನಿಗೆ ಯಾಕ ಹೋಗಬೇಕು?' ಅಂದಿದ್ದರು.

ಇನ್ನೊಂದು ಹೇಳಿಬಿಡುತ್ತೇನೆ. ಅಪ್ಪನನ್ನು ನೋಡಿಕೊಳ್ಳಲು ಕೆಲಸ ಬಿಟ್ಟು ಊರಿಗೆ ಬಂದೆ ಅಂತ ನಿನಗೂ ಹೇಳಿದ್ದೇನೆ, ಇಲ್ಲಿ ಎಲ್ಲರಿಗೂ ಹೇಳಿದ್ದೇನೆ. ನೂರಾರು ಲೈಕು ಬಂದವು, 'ಶ್ರವಣಕುಮಾರ' ಅಂದವರೂ ಇದ್ದಾರೆ. ನಾನು ಬಿಡಲಿಲ್ಲ, ಕೆಲಸ ಕೊಟ್ಟವರೇ ಬಿಡಿಸಿದರು. ಇದು ಹೆಂಡತಿಗೆ ಗೊತ್ತು. ಅವಳನ್ನು ಬಿಟ್ಟರೆ ಟೀಸಿಗೆ ಗೊತ್ತು, ಒಂದು ರಾತ್ರಿ ಅದೇ ಕುರ್ಚಿಯಲ್ಲಿ ಕೂತು ಹೇಳಿದ್ದೆ. 'ಅಪ್ಪಗ ಹೇಳಬ್ಯಾಡ' ಅಂತಲೂ ಹೇಳಿದ್ದೆ. ಒಂದೇ ನಾಯಿಯ ಹತ್ತಿರ ಅಪ್ಪ ಮಗ ಇಬ್ಬರೂ ಒಂದೇ ಮಾತು ಆಡಿದ್ದೇವೆ ನೋಡು.

ಇಷ್ಟು ಬರೆಯುವವನಿದ್ದಿಲ್ಲ. ಅಳಿಸಲಾ ಅಂತ ನೋಡಿದೆ, ಮೊಬೈಲಿನಲ್ಲಿ ಇಷ್ಟುದ್ದ ಕನ್ನಡ ಟೈಪು ಮಾಡಿದ ಕಷ್ಟ ನೆನೆದು ಬಿಟ್ಟೆ. ಅಪ್ಪ ಫೋನಿನಲ್ಲಿ ಪಂಚಾಂಗ, ರೈಲಿನ ಟೈಮು ಬಿಟ್ಟು ಬೇರೇನೂ ನೋಡುವುದಿಲ್ಲ, ಅದೊಂದು ಧೈರ್ಯ. ಉಳಿದವರಲ್ಲಿ ಒಂದು ಬೇಡಿಕೆ: ದಯವಿಟ್ಟು ಬ್ರಾಹ್ಮಿ ಎಲೆ ಅರೆದು ಕುಡಿಸಿ ಅಂತ ಬರೆಯಬೇಡಿ. ಡಾಕ್ಟರ್ ಹತ್ತಿರ ಹೋಗುವುದು ಗೊತ್ತು ಮಾಡಿದ್ದೇನೆ. ನನ್ನ ಬಿಪಿ ತೋರಿಸಬೇಕು, ಜೊತೆಗೆ ಬನ್ನಿ ಅಂತ ಅಪ್ಪನಿಗೆ ಹೇಳಿದೆ. 'ನಿಂದು ಒಬ್ಬನೇ ಹೋಗುವ ವಯಸ್ಸಲ್ಲ ಏನು?' ಅಂದರು, ಆದರೆ ಬರುತ್ತೇನೆ ಅಂದಿದ್ದಾರೆ.

ಈಗ ನಿನ್ನ ಪ್ರಶ್ನೆ. ನಾಯಿ ಸಾಕು. ಮುಧೋಳದ್ದು ಬೇಡ, ಓಣಿಯದ್ದು ಯಾವುದಾದರೂ ಸಾಕು. ಮೇ ತಿಂಗಳ ಮಧ್ಯಾಹ್ನ ಡಾಂಬರಿನ ಮೇಲೆ ನಡೆಸಬೇಡ, ಅಂಗಾಲು ಸುಡುತ್ತದೆ. ಮಗನಿಗಿಂತ ನಿನಗೇ ಅದು ಜಾಸ್ತಿ ಬೇಕಾಗುತ್ತದೆ, ಬರೆದಿಟ್ಟುಕೋ. ನಿನ್ನ ಗುಟ್ಟುಗಳಿಗಂತೂ ಎರಡು ನಾಯಿ ಬೇಕು.

ನಿಲ್ಲಿಸುತ್ತೇನೆ. ನನ್ನ ಎಡಗಾಲಿನ ಚಪ್ಪಲಿ ಕಾಣುತ್ತಿಲ್ಲ. ಟೀಸಿಯೂ ಕಾಣುತ್ತಿಲ್ಲ.

ನಿನ್ನ,
ಟೀಸಿ ಮನಿಯವ