ಕುರ್ಚಿ ಬಿಟ್ಟು ಮೂವತ್ತು ವರ್ಷದ ಮೇಲೆ

ಪ್ರಿಯ ಮಂಜು,

ವಿಯೆಟ್ನಾಂ ಅಂದರೆ ಹೋ ಚಿ ಮಿನ್ ಬಿಟ್ಟು ಬೇರೆ ಹೆಸರು ನಿನ್ನ ಬಾಯಿಗೆ ಬರುವುದಿಲ್ಲ, ಅಲ್ವಾ? ನನಗೆ ಈಚೆಗೆ ಹಿಡಿದಿರುವ ಹುಚ್ಚು ಟ್ರೂಂಗ್ ಚಿನ್‌ನದು. 1907ರಲ್ಲಿ ನಾಮ್ ದಿನ್‌ನಲ್ಲಿ ಹುಟ್ಟಿ, ಫ್ರೆಂಚರ ಜೈಲು ಕಂಡು, 1941ರಲ್ಲಿ ಕಮ್ಯುನಿಸ್ಟ್ ಪಕ್ಷದ ಪ್ರಧಾನ ಕಾರ್ಯದರ್ಶಿಯಾದವನು. ಸಿದ್ಧಾಂತ ಅಂದರೆ ಸಿದ್ಧಾಂತ, ಒಂದಿಷ್ಟೂ ಬಗ್ಗುವವನಲ್ಲ.

ಆಮೇಲೆ ಭೂಸುಧಾರಣೆ ಬಂತು. ಉತ್ತರದ ಹಳ್ಳಿಗಳಲ್ಲಿ ಜಮೀನ್ದಾರರನ್ನು ಜನರ ಮುಂದೆ ನಿಲ್ಲಿಸಿ ವಿಚಾರಣೆ, ಮರಣದಂಡನೆ. ಸಾವಿರಾರು ಜನ ಸತ್ತರು, ಪಕ್ಷಕ್ಕೆ ದುಡಿದವರೂ ಅದರಲ್ಲಿದ್ದರು. 1956ರಲ್ಲಿ ತಪ್ಪಾಯಿತು ಅಂತ ಪಕ್ಷದ ಪರವಾಗಿ ಸೇನಾನಾಯಕ ಜನರಲ್ ಗಿಯಾಪ್ ಬಹಿರಂಗವಾಗಿ ಹೇಳಬೇಕಾಯಿತು, ಅದರ ಹೊಣೆ ಹೊತ್ತು ಟ್ರೂಂಗ್ ಚಿನ್ ಪ್ರಧಾನ ಕಾರ್ಯದರ್ಶಿಯ ಕುರ್ಚಿ ಬಿಟ್ಟ. ಹಾಗಂತ ಮನೆಗೇನೂ ಹೋಗಲಿಲ್ಲ! ಪಾಲಿಟ್‌ಬ್ಯೂರೋದಲ್ಲೇ ಉಳಿದ, 1960ರಿಂದ 1981ರವರೆಗೆ ರಾಷ್ಟ್ರೀಯ ಅಸೆಂಬ್ಲಿಯ ಅಧ್ಯಕ್ಷನಾಗಿದ್ದ.

ನನಗೆ ಸಿಟ್ಟು ಬರುವುದು ಕಿಮ್ ನೋಕ್ ವಿಷಯಕ್ಕೆ. ವಿನ್ ಫುಕ್ ಪ್ರಾಂತ್ಯದ ಪಕ್ಷದ ಕಾರ್ಯದರ್ಶಿ ಆತ. ಸಹಕಾರಿ ಬೇಸಾಯದಲ್ಲಿ ಯಾರೂ ಮೈ ಬಗ್ಗಿಸುವುದಿಲ್ಲ ಅಂತ ನೋಡಿ, 1966ರಲ್ಲಿ ಸುಮ್ನೆ ಒಂದೊಂದು ಕುಟುಂಬಕ್ಕೆ ಗದ್ದೆ ಗುತ್ತಿಗೆ ಕೊಟ್ಟು, ಒಪ್ಪಿದಷ್ಟು ಅಳೆದುಕೊಟ್ಟು ಉಳಿದದ್ದು ನೀವೇ ಇಟ್ಟುಕೊಳ್ಳಿ ಅಂದ. 1968ರಲ್ಲಿ ಟ್ರೂಂಗ್ ಚಿನ್ ಅಲ್ಲಿಗೇ ಹೋಗಿ ಇದು ದಾರಿ ತಪ್ಪಿದ ಕೆಲಸ ಅಂತ ಝಾಡಿಸಿದ. ಪಾಪ, ಕಿಮ್ ನೋಕ್ ತಪ್ಪೊಪ್ಪಿಗೆ ಬರೆದುಕೊಡಬೇಕಾಯಿತು.

ಇನ್ನು 80ರ ದಶಕದ ಮಾತು ಕೇಳು. ಯುದ್ಧ ಗೆದ್ದ ದೇಶದಲ್ಲಿ ಅಕ್ಕಿಗೆ ಕ್ಯೂ, ಬೆಲೆ ಏರಿಕೆ ವರ್ಷಕ್ಕೆ ಶೇ 700 ದಾಟಿತ್ತು. ಮುದುಕ ಟ್ರೂಂಗ್ ಚಿನ್ ಹೊಸ ಪೀಳಿಗೆಯ ಅರ್ಥಶಾಸ್ತ್ರಜ್ಞರನ್ನು ಜೊತೆಗಿಟ್ಟುಕೊಂಡು, ದಕ್ಷಿಣದ ಕಡೆ, ಬೆಟ್ಟದ ಸೀಮೆಯ ಕಡೆ ತಿರುಗಿ, ಕಾರ್ಖಾನೆ, ತೋಟ ನೋಡಿ, ಹಳೆಯ ಪಟ್ಟು ಸಡಿಲಿಸಿದ. 1986ರ ಜುಲೈನಲ್ಲಿ ಆಗಿನ ಪ್ರಧಾನ ಕಾರ್ಯದರ್ಶಿ ಲೆ ಜುವಾನ್ ತೀರಿಕೊಂಡಾಗ ಮತ್ತೆ ಅದೇ ಕುರ್ಚಿ, ವಯಸ್ಸು 79. ಡಿಸೆಂಬರ್‌ನ ಆರನೇ ಮಹಾಧಿವೇಶನದಲ್ಲಿ ದೊಯ್ ಮೊಯ್ ಅನ್ನುವ, ಮಾರುಕಟ್ಟೆಗೆ ದಾರಿ ಬಿಡುವ ಆರ್ಥಿಕ ಸುಧಾರಣೆಗೆ ಬಾಗಿಲು ತೆಗೆದು, ನುಯೆನ್ ವಾನ್ ಲಿನ್ ಕೈಗೆ ಪಕ್ಷ ಕೊಟ್ಟು ಇಳಿದ. ಬೇರೆ ಯಾರಾದರೂ ಹೇಳಿದ್ದರೆ ದ್ರೋಹಿ ಅನ್ನುತ್ತಿದ್ದರೇನೋ. ಇಂಥ ಕಟ್ಟಾಳೇ ಹೇಳಿದ ಮೇಲೆ ಎದುರಾಡುವವರು ಯಾರು?

1988ರ ಏಪ್ರಿಲ್‌ನಲ್ಲಿ ಬೇಸಾಯ ಕುಟುಂಬಗಳ ಕೈಗೆ ಬಂತು, ಮರುವರ್ಷವೇ ವಿಯೆಟ್ನಾಂ ಹತ್ತು ಲಕ್ಷ ಟನ್ನಿಗೂ ಜಾಸ್ತಿ ಅಕ್ಕಿ ಹೊರಗೆ ಕಳಿಸಿತು. ಟ್ರೂಂಗ್ ಚಿನ್ 1988ರ ಸೆಪ್ಟೆಂಬರ್‌ನಲ್ಲೇ ಹೋಗಿಬಿಟ್ಟಿದ್ದ. ಕಿಮ್ ನೋಕ್ ಅಂತೂ 1979ರಲ್ಲೇ ಸತ್ತಿದ್ದ. ನೀನಾಗಿದ್ದರೆ ಈ ಮುದುಕನನ್ನು ಕ್ಷಮಿಸುತ್ತಿದ್ದೆಯಾ? ಬರೆ.

ನಿನ್ನ,
ಶ್ರೀ