ಗೆಳೆಯನಿಗೊಂದು ಪತ್ರ: ಉಜ್ಜೀವನ ಬಂದ ದಿನ ನಾನೆಲ್ಲಿ ಕುಳಿತಿರುತ್ತೇನೆ?

ದಾವಣಗೆರೆ

ಕ್ರಿಸ್ತನಲ್ಲಿ ಪ್ರಿಯನಾದ ಗೆಳೆಯನೇ, ವಂದನೆಗಳು.

ದೇವರೇ ನುಡಿಸಿದ್ದೆಂದು ಒಬ್ಬ ಸಹೋದರರು ಹೇಳಿದ, ನೀನು ಕಳುಹಿಸಿದ ಪ್ರವಾದನೆಯನ್ನು ಪೂರ್ತಿ ಕೇಳಿದೆ. ಕ್ರೈಸ್ತ ಸಭೆಗಳು ಅಲುಗಾಡುವ ಕಾಲ ಹತ್ತಿರವಾಗಿದೆ, ದೊಡ್ಡ ಹೆಸರುಗಳು ಉರುಳುತ್ತವೆ, ಅನಂತರ ಹಿಂದೆಂದೂ ಕಾಣದ ಉಜ್ಜೀವನ, ಅಂದರೆ ಜನರ ಭಕ್ತಿ ಹೊಸದಾಗಿ ಹೊತ್ತಿಕೊಳ್ಳುವ ಕಾಲ, ಬರುತ್ತದೆ ಎಂದು ಹೇಳುವಾಗ ಆ ಸಹೋದರರ ದನಿಯಲ್ಲಿ ನಟನೆಯಿರಲಿಲ್ಲ. ಇಂಥದ್ದನ್ನು ಕೇಳಿದೊಡನೆ ತಳ್ಳಿಹಾಕುವವನು ನಾನಲ್ಲವೆಂದು ನಿನಗೆ ಗೊತ್ತು. ಪ್ರವಾದನೆಗಳನ್ನು ಹೀನೈಸಬಾರದೆಂದ ಪೌಲನೇ, ಥೆಸಲೋನಿಕದವರಿಗೆ ಬರೆದ ಮೊದಲನೆಯ ಪತ್ರದಲ್ಲಿ, ಅದರ ಬೆನ್ನಿಗೇ ಎಲ್ಲವನ್ನೂ ಪರಿಶೋಧಿಸಬೇಕೆಂದೂ ಬರೆದಿದ್ದಾನೆ. ಹಾಗಾಗಿ ಅವರು ಇಸವಿ ಹೇಳಿದ ಭಾಗವನ್ನು ಬದಿಗಿಟ್ಟೆ. ಉಳಿದದ್ದು ನನ್ನನ್ನು ಬಿಡುತ್ತಿಲ್ಲ.

ಬೈಬಲಿನ ಪ್ರವಾದಿ ಯೋವೇಲನ ಗ್ರಂಥದಲ್ಲಿ, ದೇವರು ತನ್ನ ಆತ್ಮವನ್ನು ಎಲ್ಲರ ಮೇಲೆ ಸುರಿಸುವೆನೆನ್ನುವ ಎರಡನೆಯ ಅಧ್ಯಾಯದ 28ನೆಯ ವಚನ ನಮಗೆಲ್ಲ ಬಾಯಿಪಾಠ, ಕೂಟದ ಬ್ಯಾನರುಗಳ ಮೇಲೂ ಅದೇ. ಆದರೆ 17ನೆಯ ವಚನದಲ್ಲಿ ಯಜ್ಞವೇದಿಯ ಬಳಿ ನಿಂತು ಅಳಬೇಕಾದವರು ಯಾಜಕರು, 29ರಲ್ಲಿ ಆತ್ಮವನ್ನು ಹೊಂದುವವರು ದಾಸದಾಸಿಯರು. ಈ ಎರಡನ್ನೂ ಬ್ಯಾನರಿನಲ್ಲಿ ನಾನು ಕಂಡಿಲ್ಲ.

ನಡೆದದ್ದೂ ಹಾಗೆಯೇ. 1858ರಲ್ಲಿ ನಮ್ಮ ಪಶ್ಚಿಮಘಟ್ಟದ ಕಾಡಿನಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿಯವರು ಪುಣೆಯ ಹತ್ತಿರದ ಕೇಡಗಾಂವಿನಲ್ಲಿ ಮುಕ್ತಿ ಮಿಷನ್ ಕಟ್ಟಿದರು. ವೇಲ್ಸ್ ದೇಶದ ಉಜ್ಜೀವನದ ಸುದ್ದಿ ಕೇಳಿದ ಮೇಲೆ ಅಲ್ಲಿ ಪ್ರಾರ್ಥನೆ ಇನ್ನಷ್ಟು ಬಿಗಿಯಾಯಿತು. 1905ರ ಜೂನಿನಲ್ಲಿ ಪಶ್ಚಾತ್ತಾಪದಿಂದ ಗೋಳಾಡಿ, ಒಟ್ಟಾಗಿ ಗಟ್ಟಿಯಾಗಿ ಪ್ರಾರ್ಥಿಸತೊಡಗಿದವರು ಬರಗಾಲದಿಂದ ಬದುಕುಳಿದ ಹುಡುಗಿಯರು, ವಿಧವೆಯರು. ಆ ಗದ್ದಲವನ್ನು ರಮಾಬಾಯಿ ತಡೆಯಲಿಲ್ಲ. ಮರುವರ್ಷ ಲಾಸ್ ಏಂಜಲೀಸಿನ ಅಜೂಸಾ ಬೀದಿಯಲ್ಲಿ, ಹಿಂದೆ ಕುದುರೆಲಾಯವಾಗಿದ್ದ ಕಟ್ಟಡದೊಳಗೆ, ಉಜ್ಜೀವನ ಕೂಟವನ್ನು ನಡೆಸಿದ ವಿಲಿಯಂ ಸೆಮೋರ್ ಗುಲಾಮರಾಗಿದ್ದ ತಂದೆತಾಯಿಯ ಮಗ. ಯೇಸುವಿನ ಶಿಷ್ಯರ ಮೇಲೆ ಪವಿತ್ರಾತ್ಮ ಇಳಿದ ಪಂಚಾಶತ್ತಮದ ದಿನ ಯೆರೂಸಲೇಮಿನಲ್ಲಿಯೂ, ಇವರು ಕುಡಿದಿದ್ದಾರೆಂದು ನಕ್ಕವರಿದ್ದರು.

ಈಗ ನಮ್ಮ ಸಭೆಯ ವಿಷಯ. ಕಳೆದ ಶುಕ್ರವಾರದ ಉಪವಾಸ ಪ್ರಾರ್ಥನೆಗೆ ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವ ಒಬ್ಬ ತಾಯಿ ಕೆಲಸದಿಂದ ನೇರವಾಗಿ ಬಂದಿದ್ದರು. ಕಾದ ಮರಳಿನ ಮುಂದೆ ನಿಂತು ನಿಂತು ಅವರ ಮುಂಗೈ ಕಪ್ಪಗಾಗಿದೆ, ಸೀರೆಯಲ್ಲಿ ಹೊಗೆಯ ವಾಸನೆ ಇನ್ನೂ ಇತ್ತು. ಪ್ರಾರ್ಥನೆಯ ನಡುವೆ ಎದ್ದು, ಕಣ್ಣು ಮುಚ್ಚಿಕೊಂಡೇ, “ಸ್ವಾಮಿ ಮೊದ್ಲು ಮುಂದೆ ಕುಂತೋರನ್ನ ಕೇಳ್ತಾನೆ” ಎಂದರು. ಅಷ್ಟೇ ಹೇಳಿ ಕುಳಿತರು. ಮುಂದೆ ಕುಳಿತವನು ನಾನು.

ನಿಜ ಹೇಳಲೇ? ನನಗೆ ಭಯವಾಯಿತು. ದೇವರ ಭಯವೋ, ಸಭೆಯಲ್ಲಿ ನನಗಿರುವ ಜಾಗ ಅಲುಗಾಡೀತೆಂಬ ಭಯವೋ, ಇವತ್ತಿಗೂ ಬೇರ್ಪಡಿಸಿ ಹೇಳಲಾರೆ. ವರ್ಷಗಳಿಂದ ಉಜ್ಜೀವನಕ್ಕಾಗಿ ಬೇಡುತ್ತಿರುವ ನಾನು, ಅದು ನನ್ನನ್ನು ಮುಟ್ಟದೆ ಸಭೆಯನ್ನು ಮಾತ್ರ ಮುಟ್ಟಲಿ ಎಂದು ಒಳಗೊಳಗೇ ಆಶಿಸುತ್ತಿದ್ದೇನೆಯೇ? ಇನ್ನು ಮುಂದೆ ಅನುಮತಿಯಿಲ್ಲದೆ ಯಾರೂ ಎದ್ದು ಮಾತಾಡಬಾರದೆಂಬ ಠರಾವು ಸಮಿತಿಯ ಮುಂದೆ ಬರಲಿದೆ, ಅದನ್ನು ಬರೆಯಬೇಕಾದ ಕಾರ್ಯದರ್ಶಿ ನಾನೇ. ಪ್ರವಾದಿಗಳು ಮಾತಾಡಲಿ, ಉಳಿದವರು ವಿವೇಚಿಸಲಿ ಎನ್ನುವ ಕೊರಿಂಥದ ಮೊದಲನೆಯ ಪತ್ರದ ಹದಿನಾಲ್ಕನೆಯ ಅಧ್ಯಾಯವನ್ನು ಅಂದು ಓದಿಸಬೇಕೆಂದಿದ್ದೇನೆ. ಮಾತೇ ಹೊರಡದಂತೆ ಮಾಡಿದರೆ ಪರಿಶೋಧಿಸುವುದು ಏನನ್ನು?

ಇಷ್ಟನ್ನೆಲ್ಲ ಬರೆಯಬೇಕೆಂದು ಕುಳಿತವನಲ್ಲ, ಅದೂ ನಾಲ್ಕು ಜನ ಓದುವ ಕಡೆ. ಇರಲಿ. ಕ್ರಿಸ್ಮಸ್ಸಿಗೆ ಬರುತ್ತೀಯಲ್ಲ, ಬೆಣ್ಣೆ ದೋಸೆ ತಿನ್ನುತ್ತ ವಾದ ಮಾಡೋಣ. ಹಾರ್ಮೋನಿಯಮ್ಮಿನ ವಿಷಯ ಎತ್ತಿದರೆ ಮಾತ್ರ ಬಿಲ್ಲು ನಿನ್ನದೇ. ಒಂದು ಶುಕ್ರವಾರವನ್ನು ಸೇರಿಸಿಕೊಂಡೇ ಟಿಕೆಟ್ ಮಾಡಿಸು, ಆ ತಾಯಿ ಪ್ರಾರ್ಥಿಸುವುದನ್ನು ನೀನೂ ಕೇಳಬೇಕು.

ನಿನ್ನ ಗೆಳೆಯ